ಡಿಫರೆನ್ಷಿಯಲ್ಲಿಗೆ ಪೌಡರ್ ಹಚ್ಚಿದ್ದು

ಭಾನುವಾರವನ್ನು ಮನೆ ತುಂಬ ಜನ ಇರುವವರಿಗಾಗಿಯೇ ಯಾರೋ ಮಾಡಿಟ್ಟಿದ್ದಾರೆ ಎಂದು ನನ್ನ ಗುಮಾನಿ. ಒಂಟಿ ಮನುಷ್ಯನಿಗೆ ಅದನ್ನು ಏನು ಮಾಡಬೇಕೆಂದೇ ತೋಚುವುದಿಲ್ಲ. ವಾರದ ಉಳಿದ ದಿನ ನನಗೇನೂ ತೊಂದರೆಯಿಲ್ಲ. ಬಂಗಾರಪೇಟೆಯ ಗೂಡ್ಸ್ ಷೆಡ್ಡಿನಿಂದ ರಾಬರ್ಟ್‌ಸನ್‌ಪೇಟೆಯ ಅಂಗಡಿಗಳಿಗೆ ಅಕ್ಕಿ, ಬೇಳೆ, ಸಿಮೆಂಟು ಸಾಗಿಸಲು ನನ್ನದೊಂದು ಹಳೇ ಲಾರಿ ಇದೆ, ಮಾತಿಗೆ ಹಮಾಲರಿದ್ದಾರೆ, ಬೈಯಲು ದಾರಿಯುದ್ದಕ್ಕೂ ಸೈಕಲ್ಲಿನವರಿದ್ದಾರೆ. ಭಾನುವಾರ ಮಾತ್ರ ಬೆಳಗ್ಗೆ ಎಂಟಕ್ಕೆ ಕಾಫಿ ಕುಡಿದು ಲೋಟ ತೊಳೆದಿಟ್ಟರೆ, ಸೋಮವಾರ ಬೆಳಗ್ಗೆ ಆರಾಗುವುದಕ್ಕೆ ಇನ್ನೂ ಇಪ್ಪತ್ತೆರಡು ಗಂಟೆ ಬಾಕಿ ಇರುತ್ತದೆ. ನನ್ನ ಹೆಂಡತಿ ಸುಬ್ಬರತ್ನ ತೀರಿಕೊಂಡ ಮೇಲೆ, ಮಕ್ಕಳೂ ಇಲ್ಲದ ನಾನು, ಆ ಹೊತ್ತನ್ನು ಲಾರಿಯ ಕೆಳಗೆ ಕಳೆಯತೊಡಗಿದೆ. ಆಂಡರ್ಸನ್‌ಪೇಟೆಯ ನಮ್ಮ ಬೀದಿಯವರು ಎಂಥ ಕೆಲಸಗಾರ ಎಂದುಕೊಂಡರು. ನಾನೂ ಬೇಡವೆನ್ನಲಿಲ್ಲ.

ಲಾರಿಯ ಕೆಳಗೆ ಹೋಗಲು ನೆಪವೂ ಇತ್ತು. ಹಿಂದಿನ ಚಕ್ರಗಳ ನಡುವೆ ಕುಂಬಳಕಾಯಿಯಂಥ ಒಂದು ಕಬ್ಬಿಣದ ಗುಂಡು ಇರುವುದನ್ನು ನೀವು ನೋಡಿರಬಹುದು. ಅದಕ್ಕೆ ಡಿಫರೆನ್ಷಿಯಲ್ ಎನ್ನುತ್ತಾರೆ. ಚಕ್ರಗಳನ್ನು ತಿರುಗಿಸುವ ಹಲ್ಲುಗಾಲಿಗಳು ಅದರೊಳಗೆ ಎಣ್ಣೆಯಲ್ಲಿ ಮುಳುಗಿರುತ್ತವೆ. ಎಣ್ಣೆ ಸೋರಿಹೋದರೆ ಹಲ್ಲುಗಳು ಸುಟ್ಟು, ಲಾರಿ ಎಲ್ಲಿದೆಯೋ ಅಲ್ಲೇ ಕೂತುಬಿಡುತ್ತದೆ. ನನ್ನ ಲಾರಿಯ ಕುಂಬಳಕಾಯಿ ಸೋರುತ್ತಿತ್ತು. ಪ್ರತಿ ಶನಿವಾರ ಸಂಜೆ ಅದರ ಕೆಳಗೆ ಹಳೇ ಪೇಪರು ಹಾಸುವುದು, ಭಾನುವಾರ ಬೆಳಗ್ಗೆ ಕಪ್ಪು ಚುಕ್ಕೆ ಎಣಿಸುವುದು, ಆಮೇಲೆ ಹಿಂಬದಿಯ ನಟ್ಟು ಬಿಚ್ಚಿ ತೂತಿನ ಬಾಯಿಯವರೆಗೆ ಎಣ್ಣೆ ತುಂಬಿಸುವುದು ನನ್ನ ವ್ರತವಾಯಿತು. ಬೀದಿಯ ನಾಯಿ ಪಕ್ಕದಲ್ಲಿ ಕೂತು ನೋಡುತ್ತಿತ್ತು. ಬೇಸರ ಬಂದು ಅದೂ ಎದ್ದು ಹೋಗುತ್ತಿತ್ತು.

ಬಂಗಾರಪೇಟೆ ರೈಲ್ವೆ ಗೇಟಿನ ಹತ್ತಿರ ಷೆಡ್ಡು ಇಟ್ಟಿರುವ ಮೆಕ್ಯಾನಿಕ್ ಚಲಪತಿ ಎಣ್ಣೆ ತಡೆಯುವ ಸೀಲನ್ನು ಎರಡು ಸಲ ಬದಲಿಸಿದ್ದ, ಒಂದು ಸಲ ಪ್ಯಾಕಿಂಗ್ ಬದಲಿಸಿದ್ದ. ಅವನು ಸ್ಪ್ಯಾನರಿಗೆ ತಮಿಳಿನಲ್ಲಿ ಬೈಯುತ್ತಾನೆ, ಜಗ್ಗದ ನಟ್ಟಿಗೆ ತೆಲುಗಿನಲ್ಲಿ ಬೈಯುತ್ತಾನೆ, ಗಿರಾಕಿಗೆ ಕನ್ನಡದಲ್ಲಿ. ಮೂರನೆಯ ಬೈಗುಳಕ್ಕೆ ನಾನು ಹೊಂದಿಕೊಂಡಿದ್ದೆ. ಸೋರಿಕೆ ನಿಲ್ಲಲಿಲ್ಲ. ಹಳೇ ಚಿನ್ನದ ಗಣಿಯ ಸೈನೈಡ್ ದಿಬ್ಬದಿಂದ ಹಾರಿ ಬರುವ ಧೂಳು ಆ ಎಣ್ಣೆಗೆ ಮೆತ್ತಿ ಗುಂಡು ಪೂರ್ತಿ ಕೆಸರಾಗಿರುತ್ತಿದ್ದುದರಿಂದ, ಮೂಲ ಎಲ್ಲಿ ಎಂದು ಕಾಣುತ್ತಲೂ ಇರಲಿಲ್ಲ.

"ಇನ್ನು ಪೂರ್ತಿ ಇಳ್ಸಿ ನೋಡ್ಬೇಕಣ್ಣ, ಎರಡು ವಾರ ಗಾಡಿ ಇಲ್ಲೇ ಇರ್ಲಿ" ಎಂದ ಒಂದು ಶನಿವಾರ. ಗಾಡಿ ಎರಡು ವಾರ ಅವನ ಷೆಡ್ಡಿನಲ್ಲಿದ್ದರೆ ನಾನು ಎರಡು ವಾರ ಮನೆಯಲ್ಲಿರಬೇಕು. ಅಂದರೆ ಸಾಲಾಗಿ ಹದಿನಾಲ್ಕು ಭಾನುವಾರ. ಬೇರೆ ದಾರಿಯಿಲ್ಲವೇ ಎಂದು ಕೇಳಿದೆ. ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಒಂದೈತೆ. ಸೀಮೆಎಣ್ಣೆ ಹಾಕಿ ಚೆನ್ನಾಗಿ ತೊಳ್ದು ಒಣಗ್ಸು. ಬಿಳೀ ಪುಡಿ ಏನಾನ ಮೈತುಂಬ ಬಳಿ. ಕಾಮಸಮುದ್ರದ ಗಂಟ ಗಾಡಿ ಓಡ್ಸ್ಕೊಂಡೋಗಿ ನಾಳೇನೇ ಇಲ್ಲಿಗ್ ಬಾ. ಎಲ್ಲಿ ಒದ್ದೆ ಆಗೈತೋ ಅದೇ ಲೀಕು. ಅದ್ರಾಗೂ ಕಾಣ್ಲಿಲ್ಲಾಂದ್ರೆ ಇಳ್ಸೇ ಬಿಡ್ತೀನಿ."

ಮಾರನೆಯ ಬೆಳಗ್ಗೆ ತೊಳೆದೆ, ಒಣಗಿಸಿದೆ. ಭಾನುವಾರ, ಅಂಗಡಿಗಳಿಲ್ಲ. ಅಡಿಗೆಮನೆಯಲ್ಲಿ ಇದ್ದ ಹಿಟ್ಟು ರಾಗಿಯದೊಂದೇ, ಅದರ ಬಣ್ಣ ಆ ಎಣ್ಣೆಯ ಬಣ್ಣದಿಂದ ಬಹಳ ದೂರವೇನಿಲ್ಲ. ಉಳಿದದ್ದು ಕನ್ನಡಿಯ ಗೂಡಿನಲ್ಲಿದ್ದ ಸುಬ್ಬರತ್ನಳ ಮಲ್ಲಿಗೆ ಪೌಡರಿನ ಡಬ್ಬಿ. ಈ ಡಬ್ಬಿಯ ಬಗ್ಗೆ ಹೇಳಲೇಬೇಕು. ಡಿಫರೆನ್ಷಿಯಲ್ ಎಣ್ಣೆಗೆ ಗಂಧಕ ಸುಟ್ಟಂಥ ಕೆಟ್ಟ ವಾಸನೆ. ಎಷ್ಟು ಸೋಪು ಹಚ್ಚಿದರೂ ನನ್ನ ಮೈ ಬಿಡದು. ನಾನು ಸಂಜೆ ಹೊಸಲು ದಾಟುತ್ತಲೇ ಅವಳು "ಬಂತು ನೋಡು ವರ್ಕ್‌ಷಾಪು" ಎಂದು ಮುಖಕ್ಕೆ, ಕತ್ತಿಗೆ, ಕೊನೆಗೆ ನನ್ನ ಬನಿಯನ್ನಿಗೂ ಪೌಡರು ಉದುರಿಸುತ್ತಿದ್ದಳು. ಮಾರನೆಯ ದಿನವೂ ಘಮಘಮಿಸುವ ನನ್ನನ್ನು ಹಮಾಲರು ಮದುವೆ ಗಂಡು ಎನ್ನುತ್ತಿದ್ದುದು ಅದಕ್ಕೇ. ಅವಳು ಹೋದ ಮೇಲೆ ಎರಡು ವರ್ಷದಿಂದ ಆ ಡಬ್ಬಿಯ ಮುಚ್ಚಳವನ್ನು ಆಗಾಗ ತೆಗೆದು ಮೂಸಿ ಇಡುತ್ತಿದ್ದೆ. ಅವಳು ಬೇಗ ನೆನಪಿಗೆ ಬರುತ್ತಿರಲಿಲ್ಲ. ಏನೋ ಒಂದು ಕಡಿಮೆ ಅನ್ನಿಸುತ್ತಿತ್ತು. ಆದರೂ ಇದ್ದದ್ದು ಅದೊಂದೇ.

ಡಬ್ಬಿ ಹಿಡಿದು ಕನ್ನಡಿಯ ಮುಂದೆ ಎಷ್ಟು ಹೊತ್ತು ನಿಂತೆನೋ ತಿಳಿಯದು. ಅರ್ಧ ಉಳಿಸೋಣವೆಂದು ಹೊರಟವನು, ಲಾರಿಯ ಕೆಳಗೆ ತೂರಿ ಉದುರಿಸುತ್ತ ಉದುರಿಸುತ್ತ ತಳ ಬಡಿದು ಪೂರ್ತಿ ಮುಗಿಸಿಬಿಟ್ಟೆ. ಕುಂಬಳಕಾಯಿಯ ಸುತ್ತಳತೆಯ ಅಂದಾಜು ನನಗಿರಲಿಲ್ಲ. ಮುಗಿದ ಮೇಲೆ ಅಲ್ಲೇ ಸ್ವಲ್ಪ ಹೊತ್ತು ಮಲಗಿದ್ದೆ. ತುಂಬಾ ದುಃಖವಾಯಿತು.

ಕಾಮಸಮುದ್ರದ ಟೀ ಅಂಗಡಿಯ ಮುಂದೆ ಲಾರಿ ನಿಲ್ಲಿಸಿದಾಗ, ಬೆಂಚಿನ ಮೇಲೆ ಕೂತಿದ್ದ ಮುದುಕ ಮೂಗರಳಿಸಿದ. "ಏನ್ಲಾ ಇದು, ಸಿಮೆಂಟ್ ಲಾರೀನಾಗೆ ಮದ್ವೆಣ್ಣು ಓಯ್ತಾವ್ಳಾ?" ಎಂದ. ಇಲ್ಲ, ಹಿಂದಿನ ಚಕ್ರದ ರಿಪೇರಿ ಎಂದೆ. ಅವನು ತನ್ನ ಟೀ ಲೋಟವನ್ನು ನನ್ನಿಂದ ಸ್ವಲ್ಪ ದೂರಕ್ಕೆ ಸರಿಸಿಕೊಂಡ.

ಚಲಪತಿಗೆ ಭಾನುವಾರ ರಜೆಯಿಲ್ಲ. ಷೆಡ್ಡಿನ ಸಮತಟ್ಟಾದ ನೆಲದ ಮೇಲೆ ಲಾರಿ ನಿಲ್ಲಿಸಲು ಹೇಳಿ, ಕೆಳಗೆ ತೂರಿ ಟಾರ್ಚು ಹಾಕಿದ. "ಮುಂದಿನ ಸೀಲು ಒಣಗೈತೆ. ಹಿಂದೆ ಪ್ಯಾಕಿಂಗೂ ಒಣಗೈತೆ. ಮೇಲಿಂದ ಕಕ್ಕೈತೆ ನೋಡು" ಎಂದ. ಗುಂಡಿನ ನೆತ್ತಿಯಲ್ಲಿ ಒಳಗಿನ ಬಿಸಿಗಾಳಿ ಹೋಗಲು ಒಂದು ಸಣ್ಣ ಮೂಗು ಇರುತ್ತದೆ. ಬಿಳಿ ಪೌಡರಿನ ಮೇಲೆ ಅಲ್ಲಿಂದ ಕರೀ ಗೆರೆ ಇಳಿದಿತ್ತು. ಅವನು ಹಿಂಬದಿಯ ನಟ್ಟು ಬಿಚ್ಚಿದ. ತಂಬಿಗೆ ತುಂಬುವಷ್ಟು ಎಣ್ಣೆ ಬುಳಬುಳನೆ ಸುರಿಯಿತು.

"ಅಣ್ಣ, ನೀನು ಎಣ್ಣೆ ಉಯ್ಯೋದೆಲ್ಲಿ?"

"ಮನೆ ಮುಂದೆ."

"ನಿಮ್ಮ ಬೀದಿ ಇಳಿಜಾರು. ಬ್ಯಾಟ್ರಿ ನಂಬ್ದೆ ಗಾಡಿ ಮೂತಿ ಕೆಳ್ಗೆ ಮಾಡಿ ನಿಲ್ಲಿಸ್ತೀಯ, ಬೆಳಗ್ಗೆ ಉರುಳ್ಸಿ ಸ್ಟಾರ್ಟ್ ಮಾಡೋಕೆ. ಎಣ್ಣೆಯೆಲ್ಲಾ ಮುಂದಕ್ಕೋಗಿ, ಹಿಂದಿನ ತೂತು ಖಾಲಿ ಖಾಲಿ ಕಾಣ್ತೈತೆ. ನೀನು ತುಂಬ್ತೀಯ, ಅದು ಕಕ್ತೈತೆ. ಮೊದ್ಲನೇ ಸೀಲು ಹಾಕ್ದಾಗ್ಲೇ ಲೀಕು ಓಗಿತ್ತು. ವಾರ ವಾರ ಯಾಕಣ್ಣ ಉಯ್ತಿದ್ದೆ?"

ಭಾನುವಾರ ಬೇರೇನೂ ಕೆಲಸವಿರಲಿಲ್ಲ ಎಂದು ಹೇಗೆ ಹೇಳಲಿ. ಅಭ್ಯಾಸ ಎಂದೆ. ಅವನು ಪೌಡರು ಬೆರಳಿಗೆ ಒತ್ತಿ ಮೂಸಿದ. "ಇಂಥ ವಾಸ್ನೆ ಪೌಡರ್ ಯಾಕ್ ಆಳ್ಮಾಡ್ದೆ? ಗೋಡೆ ಸುಣ್ಣ ಕೆರ್ಕೊಂಡಿದ್ರೆ ಸಾಕಾಗಿತ್ತು."

ನನ್ನ ಮನೆಗೆ ನಾಲ್ಕೂ ಕಡೆ ಸುಣ್ಣದ ಗೋಡೆ. ಮುಟ್ಟಿದರೆ ಅಂಗೈಗೆ ಬರುವಂಥದು. ಅವುಗಳ ನಡುವೆ ನಿಂತುಕೊಂಡೇ ನಾನು ಆ ಡಬ್ಬಿ ಕೈಗೆತ್ತಿಕೊಂಡಿದ್ದೆ. ಯಾರ ಪೌಡರು ಎಂದು ಹೇಳಿದೆ. ಚಲಪತಿ ಬೈಯಲಿಲ್ಲ. ಮೂರು ಭಾಷೆಯಲ್ಲಿ ಒಂದರಲ್ಲೂ ಬೈಯಲಿಲ್ಲ. ಟಾರ್ಚು ಆರಿಸಿ "ಗಲೀಜಾಗೈತೆ, ತೊಳ್ದು ಕೊಡ್ತೀನಿ" ಎಂದ. ಬೇಡ, ಹೊತ್ತಾಯಿತು ಎಂದು ಹೊರಟುಬಂದೆ.

ಮುಂದಿನ ಭಾನುವಾರ ಪೇಪರಿನ ಮೇಲೆ ಒಂದು ಚುಕ್ಕೆಯೂ ಇರಲಿಲ್ಲ. ಲಾರಿಗೆ ನನ್ನಿಂದ ಆಗಬೇಕಾದ್ದೇನೂ ಉಳಿದಿರಲಿಲ್ಲ. ಆದರೂ ಅಭ್ಯಾಸಬಲದಿಂದ ಕೆಳಗೆ ತೂರಿ ಅಂಗಾತ ಮಲಗಿದೆ. ನೆತ್ತಿಯಿಂದ ಇಳಿದ ಎಣ್ಣೆ ಪೌಡರಿನ ಜೊತೆ ಕಲೆತು ಅಲ್ಲೊಂದು ಬೂದು ಮುದ್ದೆ ಗಟ್ಟಿಯಾಗಿತ್ತು. ಅದರ ವಾಸನೆ ಮೂಗಿಗೆ ಬಡಿಯಿತು, ಗಂಧಕವೂ ಮಲ್ಲಿಗೆಯೂ ಬೆರೆತ, ಸಂಜೆ ಆರು ಗಂಟೆಯ ನಮ್ಮ ಮನೆಯ ವಾಸನೆ. ಸುಬ್ಬರತ್ನ ಬಾಗಿಲಲ್ಲೇ ನಿಂತಂತಾಯಿತು. ಎರಡು ವರ್ಷ ಡಬ್ಬಿಯಲ್ಲಿ ಕಡಿಮೆಯಿದ್ದದ್ದು ಏನೆಂದು ಆಗ ತಿಳಿಯಿತು. ಕಡಿಮೆಯಿದ್ದದ್ದು ನಾನೇ.

ಈಗ ಲಾರಿ ತೊಳೆಯುವವರಿಗೆ ಆ ಜಾಗ ಮುಟ್ಟಬೇಡಿ ಎಂದು ಹೇಳಿದ್ದೇನೆ. ಭಾನುವಾರ ಕಾಫಿ ಮುಗಿಸಿ ಲಾರಿಯ ಕೆಳಗೆ ಹೋಗುತ್ತೇನೆ. ಎದುರುಮನೆಯವರು ಹೊರಗೆ ಚಾಚಿದ ನನ್ನ ಕಾಲುಗಳನ್ನು ನೋಡಿ "ಇನ್ನೂ ಸಿಕ್ಕಿಲ್ವಾ ಲೀಕು?" ಎಂದು ಕೇಳುತ್ತಾರೆ. ಸೋರದ ಲಾರಿಯ ಕೆಳಗೆ ಮಲಗಿ ಕಬ್ಬಿಣ ಮೂಸುವ ಐವತ್ತಾರರ ಮನುಷ್ಯ ಇನ್ನೇನು ಹೇಳಲು ಸಾಧ್ಯ? ಸಿಕ್ಕಿಲ್ಲ, ನೋಡ್ತಾ ಇದೀನಿ ಎನ್ನುತ್ತೇನೆ.