ಬಲ್ಬಿಗೆ ಹಚ್ಚಿದ ಅರಿಶಿನ

ರವೀಂದ್ರ ಊಟಕ್ಕೆ ಎದ್ದುಹೋದದ್ದೇ ತಪ್ಪಾಯಿತು. ಅವನು ಕೈ ತೊಳೆದು ಹಿನ್ನೀರಿನ ದಂಡೆಗೆ ಮರಳುವಷ್ಟರಲ್ಲಿ ಸೋದರತ್ತೆ ದೊಡ್ಡತಾಯಮ್ಮ ಹಾಯಿದೋಣಿಯ ಬ್ಯಾಟರಿ, ಸ್ವಿಚ್ಚು, ಫ್ಯೂಸು ಯಾವುದನ್ನೂ ಬಿಡದೆ ಅರಿಶಿನ ಕುಂಕುಮ ಹಚ್ಚಿ ಮುಗಿಸಿದ್ದಳು.

ಮೈಸೂರಿನವರೊಬ್ಬರು ಬಿಟ್ಟುಹೋಗಿದ್ದ ಹಳೇ ದೋಣಿ ಅದು. ಪಾಂಡವಪುರದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳುತ್ತಿದ್ದ ರವೀಂದ್ರ ಅದನ್ನು ಕೊಂಡು, ಇಲಿ ತಿಂದ ವೈರನ್ನೆಲ್ಲ ಕಿತ್ತು, ಬೇಸಿಗೆ ರಜೆಯಿಡೀ ಹೊಸದು ಎಳೆದಿದ್ದ. ಇವತ್ತು ಸಂಜೆ ಅಣೆಕಟ್ಟೆಯ ಇಂಜಿನಿಯರು ಬಂದು ದೀಪ ನೋಡಿ, ದೋಣಿಯಲ್ಲಿ ಒಂದು ಸುತ್ತು ಹೋಗಿ ಒಪ್ಪಿದರೆ ಪರವಾನಗಿ. ಇಲ್ಲವಾದರೆ ದಂಡೆಯಿಂದ ಎತ್ತಬೇಕು; ಚಿನಕುರಳಿಯ ಮನೆಯ ಹಿತ್ತಲಲ್ಲಿ ಅದು ಕೋಳಿಗೂಡಾಗಬೇಕು.

"ಅತ್ತೆ, ಇದೇನ್ ಮಾಡ್ಬುಟ್ಟೆ?"

"ಟ್ರಾಕ್ಟರಿಗೆ ಹಚ್ಚಾಕಿಲ್ವಾ ಮಗಾ? ಮೊದ್ಲು ಸಲ ನೀರಿಗಿಳಿಯೋದ್ನ ಬರೀ ಹಣೇಲಿ ಕಳುಸ್ತಾರಾ?"

ತಾಯಿಯಿಲ್ಲದ ಅವನನ್ನು ಸಾಕಿದವಳು. ರವೀಂದ್ರ ಹಲ್ಲು ಕಚ್ಚಿ ಕಂಡದ್ದನ್ನೆಲ್ಲ ಒರೆಸಿ ಸ್ವಿಚ್ಚು ಒತ್ತಿದ. ಒಳಗಿನ ದೀಪ ಹತ್ತಿತು. ಹಾಯಿಕಂಬದ ತುದಿಯದು ಹತ್ತಲಿಲ್ಲ.

"ಎಲ್ಲೋ ಶಾರ್ಟ್ ಆಗ್ಯದೆ ಕಣ್ಲಾ ರವಿ," ಎಂದ ಪಕ್ಕದ ಮನೆಯ ಶಿವಣ್ಣ.

"ನಮ್ ಪಂಪ್‌ಸೆಟ್ಟೂ ಇಂಗೇ ಆಡ್ತಿತ್ತು. ಒಂದ್ ಒದ್ದೆ, ಸರಿಹೋಯ್ತು," ಎಂದ ಮೀನು ಹಿಡಿಯುವ ಕುಳ್ಳಯ್ಯ, ಒದ್ದೂ ತೋರಿಸಿದ. ಉರಿಯುತ್ತಿದ್ದ ದೀಪವೂ ಆರಿತು.

ಒಂದೊಂದು ಜೋಡಣೆಯನ್ನೂ ಬಿಚ್ಚಿ ನೋಡಿ, ಕೊನೆಗೆ ಕಂಬವನ್ನೇ ಇಳಿಸಬೇಕಾಯಿತು. ಅದು ಕುಡಿದು ಬಂದ ನೆಂಟನ ಹಾಗೆ ಎಲ್ಲರ ಹೆಗಲ ಮೇಲೂ ಒರಗುತ್ತಾ ಇಳಿಯಿತು. ಬಲ್ಬು ಬಿಚ್ಚಿದರೆ ಹೋಲ್ಡರ್ ತುಂಬ ಅರಿಶಿನದ ಗಟ್ಟಿ.

"ನೀನು ಉಣ್ಣಾಕೋದಾಗ ಬಲ್ಬ್ ಸಿಗಿಸಿ ಕಂಬ ನಿಲ್ಸಿದ್ದು ನಾನೇ ಕಣ್ಲಾ," ಎಂದ ಶಿವಣ್ಣ. "ಅತ್ತೆಮ್ಮ ಬುಡುಕ್ಕೆ ಹಚ್ಚಿ ಕೊಟ್ರು. ಒಳ್ಳೇದೇ ಅಲ್ವಾ ಅನ್ಕಂಡೆ."

"ನಿನ್ ಕೈ ತಾಕಿದ್ದೆಲ್ಲ ಕೆಡ್ತದೆ ಅತ್ತೆ," ಎಂದುಬಿಟ್ಟ ರವೀಂದ್ರ. "ಇನ್ನೇನೂ ಮುಟ್ಬ್ಯಾಡ."

ದೊಡ್ಡತಾಯಮ್ಮ ಕುಂಕುಮದ ಬಟ್ಟಲನ್ನು ಸೆರಗಿನಲ್ಲಿ ಕಟ್ಟಿಕೊಂಡು ರಸ್ತೆಯ ಕಡೆ ನಡೆದಳು. ಅವನು ತಲೆಯೆತ್ತಲಿಲ್ಲ. ಹೋಲ್ಡರ್ ಕೆರೆದು, ಕಂಬ ಮತ್ತೆ ನಿಲ್ಲಿಸಿ, ಸೀಮೆಎಣ್ಣೆ ಹಾಕಿ ದೋಣಿಯನ್ನು ಆಸ್ಪತ್ರೆಯ ಮೇಜಿನಂತೆ ಉಜ್ಜಿದ.

ಸಂಜೆ ಜೀಪು ಬಂತು. ಅಷ್ಟೂ ದೀಪ ಉರಿದವು. "ವೈರಿಂಗ್ ಅಂದ್ರೆ ಹಿಂಗಿರ್ಬೇಕು ನೋಡಿ," ಎಂದರು ಇಂಜಿನಿಯರು. ಚಪ್ಪಲಿ ಬಿಟ್ಟು ದೋಣಿಗೆ ಕಾಲಿಡಹೋದವರು ಹಿಂದಕ್ಕೆಳೆದುಕೊಂಡರು.

"ಇದಕ್ಕೆ ಪೂಜೆನೇ ಆಗಿಲ್ವಲ್ಲ?"

"ಆಗಿತ್ತು ಸಾರ್. ಒರೆಸ್ದೆ."

"ಒರೆಸಿದ್ರಾ?" ಅವರು ಚಪ್ಪಲಿ ಮೆಟ್ಟಿಕೊಂಡರು. "ನಾನು ಸ್ಕೂಟರ್ ಕೂಡ ಪೂಜೆಯಿಲ್ದೆ ಹತ್ತೋನಲ್ಲ. ಇದು ನೀರು, ಈಜು ಬೇರೆ ಬರಲ್ಲ. ಕುಂಕುಮ ಇಟ್ಟೋರ ಕೈಲೇ ಇನ್ನೊಂದ್ಸಲ ಇಡ್ಸಿ. ಅರ್ಧ ಗಂಟೆ ಕಾಯ್ತೀನಿ."

ರವೀಂದ್ರ ಶಿವಣ್ಣನ ಲೂನಾ ಹತ್ತಿ ಓಡಿದ. ಊರಿಗೆ ಹೋಗುವ ಸಂಜೆಯ ಕೆ.ಆರ್. ಪೇಟೆ ಬಸ್ಸಿಗೆ ಕಾಯುತ್ತ ದೊಡ್ಡತಾಯಮ್ಮ ರಸ್ತೆ ಬದಿಯ ಕಲ್ಲಿನ ಮೇಲೆ ಕೂತಿದ್ದಳು.

"ಅತ್ತೆ, ಬಾ. ಒಂಚೂರು ಕುಂಕುಮ ಇಟ್ಬುಡು."

ಅವಳು ತನ್ನ ಅಂಗೈಯನ್ನೊಮ್ಮೆ ನೋಡಿಕೊಂಡಳು. ಮಾತಿನಲ್ಲಿ ಸಿಟ್ಟಿರಲಿಲ್ಲ. "ಬ್ಯಾಡ ಕಣಪ್ಪ. ಅಷ್ಟು ಕಷ್ಟ್ ಬಿದ್ದು ಮಾಡಿದ್ದೀಯ. ನಾನು ಮುಟ್ಟುದ್ರೆ ಕೆಟ್ಗಿಟ್ಟದು."

ಬಸ್ಸು ಬಂತು, ಅವಳು ಹತ್ತಿದಳು. ಅರ್ಧ ಗಂಟೆ ಮುಗಿದಿತ್ತು; ಅದರ ಹಿಂದೆಯೇ ಇಂಜಿನಿಯರ ಜೀಪೂ ಹೋಯಿತು. ಕತ್ತಲಾಗುತ್ತಿತ್ತು. ದೂರದಲ್ಲಿ, ದಂಡೆಯ ಮೇಲೆ, ಕಂಬದ ತುದಿಯ ದೀಪ ಒಂದಿಷ್ಟೂ ಮಿಣುಕದೆ ಉರಿಯುತ್ತಿತ್ತು.