ಮೀಸೆ ಉಳಿಸಿದ ಕರೆಂಟು

ರಗಳೆ ಶುರುವಾದದ್ದು ಬಾವಿಯ ಪಂಪಿನ ಮೋಟಾರು ಕೆಮ್ಮಿದ್ದರಿಂದ. ಅದು ದಿನವೂ ಕೆಮ್ಮುತ್ತಿತ್ತು, ಯಾರೂ ತಲೆ ಕೆಡಿಸಿಕೊಂಡಿರಲಿಲ್ಲ. ಆದರೆ ಅವತ್ತು ಮನೆ ಯಜಮಾನನ ಹೆಂಡತಿಯ ಅಣ್ಣ ಬಂದಿದ್ದರು.

“ಅದು ಮೋಟಾರಲ್ಲ ಕಣಯ್ಯ, ಕರೆಂಟು ಕುಡಿಯೋ ಭೂತ. ಬಿಸಾಕಿ ಹೊಸದು ತಗೋ,” ಎಂದರು ಭಾವ, ವರಾಂಡದಲ್ಲಿ ಕಾಲು ಚಾಚಿಕೊಂಡು.

“ಬಿಸಾಕೋದ್ಯಾಕೆ ಭಾವ? ನೆಟ್ಟಗೆ ರಿಪೇರಿ ಮಾಡಿದ್ರೆ ಮೂರರಲ್ಲಿ ಒಂದು ಪಾಲು ಕರೆಂಟು ಉಳಿಯುತ್ತೆ. ಹೋದ ಸಲ ಜೋಳಕ್ಕೆಲ್ಲ ನೀರು ಹಾಯಿಸೋಕೆ ಹನ್ನೆರಡು ಯೂನಿಟ್ ಆಗಿತ್ತು. ಇವತ್ತು ಎಂಟರೊಳಗೆ ಮುಗಿಸ್ತೀನಿ.”

“ಮುಗಿಸದಿದ್ರೆ?”

ಇಂಥ ಪ್ರಶ್ನೆಗೆ ಬುದ್ಧಿವಂತರು ನಕ್ಕು ಸುಮ್ಮನಾಗುತ್ತಾರೆ. ನಮ್ಮ ಯಜಮಾನ ಮೀಸೆಗೆ ಕೈ ಹಾಕಿದ. “ಇದನ್ನ ಬೋಳಿಸ್ತೀನಿ!”

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಬೀಳದೆ ಇನ್ನೇನು? ಮದುವೆಯ ಫೋಟೋದಲ್ಲಿ ಹೆಣ್ಣಿಗಿಂತ ಹೆಚ್ಚು ಜಾಗ ಹಿಡಿದಿದ್ದ ಮೀಸೆ ಅದು. ಊರಿಗೆಲ್ಲ ಅವನು ‘ಮೀಸೆ ಯಜಮಾನ’. ಸಾಲದ್ದಕ್ಕೆ ಆ ಮೀಸೆ ಅವನ ಕಸುಬಿನ ಸಾಮಾನೂ ಹೌದು. ಬಾವಿಯಿಂದ ನೀರೆಳೆಯುವ ಪೈಪು ಎಲ್ಲಾದರೂ ಗಾಳಿ ಎಳೆಯುತ್ತಿದ್ದರೆ ಬೆರಳಿಗೆ ತಿಳಿಯುವುದಿಲ್ಲ. ಇವನು ಮೀಸೆಯ ತುದಿ ಹಿಡಿದರೆ ಸಾಕು, ಕೂದಲು ಸಂದಿಯ ಕಡೆಗೆ ವಾಲುತ್ತಿತ್ತು.

“ಆಯ್ತು. ಆದ್ರೆ ಒಂದು ಸಲ ಪಂಪ್ ಶುರು ಮಾಡಿದ್ಮೇಲೆ ಮಧ್ಯೆ ನಿಲ್ಲಿಸಿದ್ರೆ ಸೋತ ಹಾಗೆ,” ಎಂದು ಭಾವ ಷರತ್ತು ಹಾಕಿದರು. “ನೀನು ಗೆದ್ರೆ, ನಾನು ದಡ್ಡ ಅಂತ ಬೀದೀಲಿ ನಿಂತು ಒಪ್ಕೋತೀನಿ.”

ಗೇಟಿನ ಹತ್ತಿರ ಹಾಲಿನವನು ಕಿವಿ ನೆಟ್ಟಗೆ ಮಾಡಿಕೊಂಡು ನಿಂತಿದ್ದ. ಇನ್ನು ಊರಿಗೆ ಬೇರೆ ಡಂಗುರ ಬೇಕಿರಲಿಲ್ಲ.

ಸುದ್ದಿ ಕೇಳಿ ಮೊದಲು ಓಡಿಬಂದವರು ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು. ಅವರಿಗೆ ಪಂಪಿನ ಗಂಧಗಾಳಿಯೂ ಇಲ್ಲ, ಆದರೆ ಕೊರಳಲ್ಲಿ ಸೀಟಿ ಇತ್ತು. ಅವರು ಸೀಟಿ ಊದಿದ ಹಾಗೆಲ್ಲ ಯಜಮಾನ ಬೆಚ್ಚಿಬಿದ್ದು, ಸ್ಪ್ಯಾನರನ್ನು ಕಾಲ ಮೇಲೆ ಹಾಕಿಕೊಂಡ.

ಆದರೂ ಕೆಲಸ ಸಾಗಿತು. ಬೇರಿಂಗಿಗೆ ಗ್ರೀಸು ಬಿತ್ತು. ಸವೆದ ಸ್ಪ್ರಿಂಕ್ಲರ್ ಮೂತಿಗಳು ಬದಲಾದವು. ಬಾವಿಯೊಳಗೆ ಪೈಪಿನ ಬಾಯಿಗೆ ಕಟ್ಟಿದ್ದ ಜಾಲರಿಯನ್ನು ಮೇಲೆಳೆದರೆ ಪಾಚಿಯ ಜೊತೆಗೆ ಒಂದು ಚಪ್ಪಲಿಯೂ ಬಂತು.

“ಅಯ್ಯೋ, ನಂದು!” ಎಂದರು ಭಾವ. ಹೋದ ಸಲ ಬಂದಾಗ ಅದನ್ನು ನಾಯಿ ಕಚ್ಚಿಕೊಂಡು ಹೋಯಿತೆಂದು ಅವರು ಗಲಾಟೆ ಎಬ್ಬಿಸಿದ್ದರು.

“ಹಾಗಾದ್ರೆ ಇಷ್ಟು ದಿನ ಕರೆಂಟು ಕುಡಿದ ಭೂತ ನಿಮ್ಮ ಚಪ್ಪಲೀನೇ ಭಾವ!”

ಭಾವ ಮುಖ ಗಂಟಿಕ್ಕಿಕೊಂಡು, ಮೀಟರಿನ ಎದುರು ಕುರ್ಚಿ ಹಾಕಿಕೊಂಡು ಕುಳಿತರು. ಪಂಪು ಶುರುವಾಯಿತು. ಮೋಟಾರು ಕೆಮ್ಮಲಿಲ್ಲ. ಯಜಮಾನನ ಎದೆ ಉಬ್ಬಿತು. ಆದರೆ ಅರ್ಧ ಹೊಲ ನೆನೆಯುವಷ್ಟರಲ್ಲಿ ಹೊಸ ಸ್ಪ್ರಿಂಕ್ಲರುಗಳ ನೀರು ಸೊರಗತೊಡಗಿತು.

“ಐದು ಯೂನಿಟ್ ಆಯ್ತು! ಕತ್ತಿಗೆ ಸಾಣೆ ಹಿಡಿಸ್ಲಾ?” ಎಂದು ಕೂಗಿದರು ಭಾವ.

ಪೈಪು ಗಾಳಿ ಎಳೆಯುತ್ತಿದೆ! ಯಜಮಾನ ಓಡಿದ. ಅನುಮಾನವಿದ್ದ ಸಂದಿಗೆ ಬೇಗ ಒಣಗುವ ಅಂಟು ಮೆತ್ತಿದ. ಗಾಳಿ ನಿಂತಿತೋ ಇಲ್ಲವೋ ನೋಡಲು ಮೀಸೆ ಚಾಚಿದ.

“ಒಣಗಲಿ ತಡೀರಿ!” ಎಂದು ಮೇಷ್ಟ್ರು ಸೀಟಿ ಊದಿದರು. ಆ ಸದ್ದಿಗೆ ಬೆಚ್ಚಿದ ಯಜಮಾನ ಮುಗ್ಗರಿಸಿದ. ಎಡಗಡೆಯ ಮೀಸೆ ಅಂಟಿನ ಸಮೇತ ಸುರ್ರೆಂದು ಸಂದಿಯೊಳಗೆ ಹೋಯಿತು. ತಲೆ ಎಳೆದ, ಬರಲಿಲ್ಲ. ಇನ್ನೊಂದು ಸಲ ಎಳೆದಾಗ ಕಣ್ಣಲ್ಲಿ ನೀರು ಬಂತು, ಮೀಸೆ ಮಾತ್ರ ಬರಲಿಲ್ಲ.

“ಪಂಪ್ ನಿಲ್ಸೋಣ,” ಎಂದರು ಮೇಷ್ಟ್ರು.

“ಬೇಡ! ಸೋತ್ಹೋಗ್ತೀನಿ!”

“ಪೈಪ್ ಕೊಯ್ಯೋಣ.”

“ಪೈಪ್ ಮುಟ್ಟಿದ್ರೆ ನೋಡಿ!” ಓರೆಗಣ್ಣಿನಲ್ಲಿ ಯಜಮಾನ ಹೊಲ ನೋಡಿದ್ದ. ಸೊರಗಿದ್ದ ನೀರು ಮತ್ತೆ ಎತ್ತರಕ್ಕೆ ಚಿಮ್ಮುತ್ತಿತ್ತು. ಸಂದಿಯನ್ನು ಮುಚ್ಚಿದ್ದು ಬರೀ ಅಂಟಲ್ಲ, ಅವನ ಮೀಸೆ!

ಹೆಂಡತಿ ಕತ್ತರಿ ಹಿಡಿದು ಬಂದಳು. “ರೀ, ಮೀಸೆ ಬೇಕೋ, ಗೆಲ್ಲೋದು ಬೇಕೋ? ಬೇಗ ಹೇಳಿ.”

ಯಜಮಾನ ಕಣ್ಣು ಮುಚ್ಚಿದ. “ಕತ್ತರಿಸು. ಆದ್ರೆ ಎಳೀಬೇಡ. ಅಲ್ಲಿರೋದು ಅಲ್ಲೇ ಇರ್ಲಿ!”

ಕಚಕ್.

ಕೊನೆಯ ಸಾಲು ನೆನೆದು ಪಂಪು ನಿಂತಾಗ ಭಾವ ಮೀಟರನ್ನು ಕನ್ನಡಕ ಹಾಕಿಕೊಂಡು ನೋಡಿದರು, ತೆಗೆದೂ ನೋಡಿದರು. ಏಳೂವರೆ! ಮೇಷ್ಟ್ರು ಸೀಟಿ ಊದುತ್ತಾ ಕುಣಿದರು. ಕೊಟ್ಟ ಮಾತಿನಂತೆ ಭಾವ ಬೀದಿಗೆ ಬಂದು, “ನಾನು ದಡ್ಡ! ಇವನು ಗೆದ್ದ!” ಎಂದು ಕೂಗಿದರು. ಆಮೇಲೆ ತಿರುಗಿ, “ಈಗ ಮೀಸೆ ತಿರುವಪ್ಪ,” ಎಂದರು.

ಯಜಮಾನ ಠೀವಿಯಿಂದ ಎರಡೂ ಕೈ ಎತ್ತಿದ. ಬಲಗೈಗೆ ಮೀಸೆ ಸಿಕ್ಕಿತು. ಎಡಗೈ ಬರೀ ಗಾಳಿ ತಿರುವಿತು.

“ಒಂದೇ ಕಡೆ ಇಟ್ಕೊಂಡು ಹೇಗ್ರೀ ಓಡಾಡ್ತೀರಾ? ಕೂತ್ಕೊಳ್ಳಿ,” ಎಂದು ಹೆಂಡತಿ ರೇಜರ್ ತಂದಳು. ಕೆಲಸ ಮುಗಿಸಿ, ಗಲ್ಲ ಹಿಡಿದು ನೋಡಿ ನಕ್ಕಳು. “ಮದುವೆಯಾದಾಗಿಂದ ಇವತ್ತೇ ನಿಮ್ಮ ತುಟಿ ನೋಡಿದ್ದು. ಚೆನ್ನಾಗಿದೆ.”

ಯಜಮಾನ ಉಬ್ಬಿಹೋದ. ಮೀಸೆ ಹೋದರೇನು, ಮಾನ ಉಳಿಯಿತಲ್ಲ! ಗೆದ್ದ ಮುಖವನ್ನು ನಾಲ್ಕು ಜನ ನೋಡಲೆಂದು ಎದೆ ಸೆಟೆಸಿ ಗೇಟಿಗೆ ಹೋಗಿ ನಿಂತ.

ಸಂಜೆಯ ಹಾಲು ಹೊತ್ತು ಹಾಲಿನವನು ಬಂದ. ಯಜಮಾನನ ಬೋಳು ತುಟಿ ನೋಡಿ ಸೈಕಲ್ ನಿಲ್ಲಿಸಿದ. “ಛೆ ಛೆ, ಸೋತ್ಬಿಟ್ರಾ ಯಜಮಾನ್ರೇ?” ಎಂದು ಲೊಚಗುಟ್ಟಿದ. ಇವನು ಬಾಯಿ ತೆರೆಯುವ ಮೊದಲೇ ಗಂಟೆ ಬಾರಿಸುತ್ತಾ ಮುಂದಿನ ಮನೆಗೆ ಹೊರಟ.