ಎಡಕ್ಕೆ ತಿರುಗದ ಮಾವ

ನನ್ನ ಸೋದರಮಾವನಿಗೆ ಎಡಕ್ಕೆ ತಿರುಗಲು ಬರುವುದಿಲ್ಲ. ಸಾಂಟಾ ಕ್ಲಾರಾದಲ್ಲಿ ಜೀವಮಾನವಿಡೀ ಕಂಪ್ಯೂಟರ್ ಚಿಪ್ ವಿನ್ಯಾಸ ಮಾಡಿ ನಿವೃತ್ತರಾದ ಮನುಷ್ಯ! ಆದರೆ ಯಾವುದನ್ನೇ ಸುತ್ತಿದರೂ ಅದು ಪ್ರದಕ್ಷಿಣೆಯೇ ಆಗಬೇಕು, ಸುತ್ತುವ ವಸ್ತು ತಮ್ಮ ಬಲಕ್ಕೇ ಇರಬೇಕು ಎಂಬುದು ಅವರ ಸಿದ್ಧಾಂತ. ಆ ವಸ್ತು ದೇವರೇ ಆಗಬೇಕೆಂದಿಲ್ಲ, ಈರುಳ್ಳಿ ರಾಶಿಯಾದರೂ ಸರಿ.

ಎಲ್ ಕಮೀನೋ ರಸ್ತೆಯ ಇಂಡಿಯನ್ ಗ್ರೋಸರಿಯಲ್ಲಿ ಜನರೆಲ್ಲ ಒಂದು ದಿಕ್ಕಿನಲ್ಲಿ ಗಾಡಿ ತಳ್ಳುತ್ತಿದ್ದರೆ ಇವರೊಬ್ಬರು ಎದುರಿನಿಂದ ಬರುತ್ತಾರೆ. ಡಿಕ್ಕಿ ಹೊಡೆದವರಿಗೆಲ್ಲ ನಮಸ್ಕಾರ ಬೇರೆ. ಆಗ ನಾನು ಅಕ್ಕಿಮೂಟೆಗಳ ಹಿಂದೆ ನಿಂತು ಬೆಲೆ ಓದುತ್ತಿರುತ್ತೇನೆ. ಇನ್ನು ಅಮೆರಿಕದ ರಸ್ತೆವೃತ್ತಗಳೋ, ಒಂದೂ ಬಿಡದೆ ಎಲ್ಲವೂ ಅಪ್ರದಕ್ಷಿಣೆ! ಹಾಗಾಗಿ ಡ್ಯಾನ್‌ವಿಲ್‌ನ ಅವರ ಮನೆಗೆ ಇರುವ ಹತ್ತಿರದ ದಾರಿಯನ್ನು ಬಿಟ್ಟು ಊರೆಲ್ಲ ಬಳಸಿ ಹೋಗುತ್ತಾರೆ. ಪೆಟ್ರೋಲು ದಂಡ ಎಂದು ಅತ್ತೆ ಗೊಣಗಿದರೆ, ದೇವಸ್ಥಾನಕ್ಕೆ ಹೋಗುವ ಖರ್ಚು ಉಳಿಯಿತಲ್ಲ ಎನ್ನುತ್ತಾರೆ.

ನಾನು ಕಾಲೇಜಿನಲ್ಲಿ ಡಿಬೇಟ್ ತಂಡದಲ್ಲಿದ್ದವಳು. ಸಾಕ್ಷ್ಯವಿಲ್ಲದ ಮಾತು ಕೇಳಿದರೆ ನನ್ನ ನಾಲಿಗೆ ತುರಿಸುತ್ತದೆ. ಇಂಥ ನಾನೇ ಈ ಬೇಸಿಗೆಯಲ್ಲಿ ಗೆಳೆಯರಾದ ಆಫ್ರೀನ್ ಮತ್ತು ಕಾರ್ತಿಕರನ್ನು ದಕ್ಷಿಣದ ಮರುಭೂಮಿಯ ಬೆಟ್ಟಗಳಿಗೆ ಎಳೆದುಕೊಂಡು ಹೋದೆ. ಅಲ್ಲಿಗೆ ಜನ ಹೋಗುವುದು ಚಳಿಗಾಲದಲ್ಲಿ. ಸೀಸನ್ ಎನ್ನುವುದು ಒಂದು ಅಭಿಪ್ರಾಯ ಮಾತ್ರ ಎಂದು ವಾದಿಸಿ ಅವರಿಬ್ಬರನ್ನು ಒಪ್ಪಿಸಿದ್ದೆ. ಮಾವನನ್ನು ಯಾರೂ ಒಪ್ಪಿಸಬೇಕಾಗಿರಲಿಲ್ಲ. ಬೆಟ್ಟದ ಸುತ್ತ ಹೋಗಿ ಹೊರಟಲ್ಲಿಗೇ ಬರುವ ದಾರಿ ಎಂದು ಕೇಳಿದ್ದೇ ತಡ, ತಾವಾಗಿಯೇ ಕಾರು ಹತ್ತಿ ಕೂತಿದ್ದರು.

ಬೆಳಿಗ್ಗೆ ಬೆಟ್ಟದ ಬುಡದಲ್ಲಿ ಇಳಿದೆವು. ಮಾವ ತಲೆಗೆ ಸ್ನಾನದ ಟವೆಲು ಸುತ್ತಿ, ಕರಿ ಕೊಡೆ ಬಿಚ್ಚಿ, ದೊಡ್ಡ ಥರ್ಮಾಸು ಹೆಗಲಿಗೇರಿಸಿದರು. ಬೆಟ್ಟವನ್ನು ಎಡಕ್ಕಿಟ್ಟುಕೊಂಡು ಹೋದರೆ ಏರು ಸಲೀಸು ಎಂದು ಫಲಕದಲ್ಲಿತ್ತು. ಮಾವ, ಬೆಟ್ಟ ಬಲಕ್ಕೇ ಇರಬೇಕು ಎಂದರು. ಬಿಡುತ್ತೇನೆಯೇ? ಕಲ್ಲಿಗೆ ಎಡ ಬಲ ತಿಳಿಯುವುದಿಲ್ಲ, ಭೂಮಿಯೇ ಎಡಕ್ಕೆ ತಿರುಗುತ್ತಿದೆ ಎಂದು ಅವರ ವಾದವನ್ನು ಅಂಶ ಅಂಶವಾಗಿ ಕತ್ತರಿಸಿದೆ. ಗೆಳೆಯರು ತೀರ್ಪು ನನಗೇ ಕೊಟ್ಟರು.

"ಗೆದ್ದೆ ಕಣೇ," ಎಂದರು ಮಾವ. "ನೀವು ಆ ಕಡೆಯಿಂದ ಹೋಗಿ. ನಾನು ಈ ಕಡೆಯಿಂದ ಬರ್ತೀನಿ."

ಅಷ್ಟರಲ್ಲಿ ನಸುಕಿನಲ್ಲೇ ನಡೆದು ಬಂದಿದ್ದ ಬಿಳಿಯ ಅಜ್ಜಿಯೊಬ್ಬಳು ಆ ಟವೆಲನ್ನೂ ಕೊಡೆಯನ್ನೂ ನೋಡಿ, ಅವರು ನಿಮ್ಮವರೇ ಎಂದು ನನ್ನನ್ನು ಕೇಳಿದಳು. ಅಲ್ಲ ಎಂದುಬಿಟ್ಟೆ. ಹೇಗೆ ಬಂತೋ ಆ ಮಾತು! ನಾಲ್ಕು ಹೆಜ್ಜೆ ಮುಂದಿದ್ದ ಮಾವ ತಿರುಗಿ, ಅಜ್ಜಿಗೆ ಇಂಗ್ಲಿಷಿನಲ್ಲಿ ಬಹಳ ವಿನಯದಿಂದ, ಈ ಹುಡುಗಿಯನ್ನು ತಾವೂ ನೋಡಿದ್ದಿಲ್ಲ ಎಂದು ಹೇಳಿ, ಕೊಡೆ ಎತ್ತಿ ನಡೆದೇಬಿಟ್ಟರು. ಆಫ್ರೀನ್ ನನ್ನ ಮುಖ ನೋಡಲಿಲ್ಲ.

ಬಿಸಿಲು ನನ್ನ ವಾದ ಕೇಳುವ ಜಾತಿಯದಲ್ಲ. ಭಾರ ಕಡಿಮೆ ಇರಲಿ ಎಂದು ನಾನು ತಂದಿದ್ದ ನೀರು ಬಹಳ ಬೇಗ ಮುಗಿಯಿತು. ಗೆಳೆಯರ ಬಾಟಲಿ ಕೇಳಲು ಅಹಂಕಾರ ಬಿಡಬೇಕಲ್ಲ! ಫೋಟೋ ತೆಗೆಯುತ್ತೇನೆಂದು ಅವರನ್ನು ಮುಂದೆ ಕಳಿಸಿ, ಮುಕ್ಕಾಲು ದಾರಿ ಹೇಗೋ ಎಳೆದೆ. ಆಮೇಲೆ ತಲೆ ಸುತ್ತಿತು. ಒಂದು ಬಂಡೆಯ ಅಂಗೈಯಗಲದ ನೆರಳಿನಲ್ಲಿ ಕುಸಿದೆ. ಫೋನಿನಲ್ಲಿ ಸಿಗ್ನಲ್ಲಿರಲಿಲ್ಲ, ಬಾಯಲ್ಲಿ ಎಂಜಲಿರಲಿಲ್ಲ. ಹಿಂದಿನಿಂದ ಬರುವವರು ಯಾರೂ ಇರಲಿಲ್ಲ. ಆ ಬಿಸಿಲಿನಲ್ಲಿ ಯಾರು ಬರುತ್ತಾರೆ? ನಿಜಕ್ಕೂ ಹೆದರಿದೆ.

ಆಗ ಎದುರಿನ ತಿರುವಿನಲ್ಲಿ ಕರಿ ಕೊಡೆಯೊಂದು ಕಾಣಿಸಿತು.

ದಾರಿಯಲ್ಲಿ ಸಿಕ್ಕ ಗೆಳೆಯರು ನನ್ನನ್ನು ಹುಡುಕಲು ವಾಪಸು ಬರುತ್ತೇವೆಂದರಂತೆ. ನೀವು ಹೋಗಿ ಕಾರು ತಣ್ಣಗೆ ಮಾಡಿಡಿ ಎಂದು ಮಾವ ಅವರನ್ನು ಕಳಿಸಿ ಬಂದಿದ್ದರು. ಕೊಡೆಯನ್ನು ನನ್ನ ಮೇಲೆ ಹಿಡಿದು, ಥರ್ಮಾಸಿನಿಂದ ಮಜ್ಜಿಗೆ ಬಗ್ಗಿಸಿದರು. ಉಪ್ಪು, ಶುಂಠಿ, ಕರಿಬೇವು. ಒಂದು ಲೋಟ ಮುಗಿಸಿದ್ದೇ ಇನ್ನೊಂದು ಬಗ್ಗಿಸಿದರು.

"ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲ," ಎಂದರು ಆಮೇಲೆ.

ಅಳು ಬಂತು. ಕಣ್ಣೀರಿಗೆ ಬೇಕಾದ ನೀರು ಮಜ್ಜಿಗೆಯಿಂದಲೇ ಬಂದಿರಬೇಕು.

ಕಾರಿಗೆ ಇನ್ನು ಕಾಲುಭಾಗ ದಾರಿ, ಅದೂ ಅವರು ಕಡಿದಾದ ಏರನ್ನು ಮೆಲ್ಲಗೆ ಹತ್ತಿ ಬಂದ ಕಡೆಗೇ. ಮಾವ ಎದ್ದು ಹಿಂದಕ್ಕೆ ತಿರುಗಿದರು. ಬೆಟ್ಟ ಅವರ ಎಡಕ್ಕೆ ಬಂತು.

"ಮಾವ, ಅಪ್ರದಕ್ಷಿಣೆ ಆಗತ್ತಲ್ಲ."

"ಕಲ್ಲಿಗೆ ಎಡ ಬಲ ಗೊತ್ತಾಗಲ್ಲ ಅಂದ್ಯಲ್ಲ. ಒಪ್ಕೊಂಡಿದೀನಿ. ನಡಿ."

ಗೆದ್ದ ವಾದಕ್ಕೆ ತಲೆ ತಗ್ಗಿಸಿಕೊಂಡು, ಅವರ ತೋಳು ಹಿಡಿದು ಇಳಿದೆ. ಬೆಟ್ಟದ ಪ್ರದಕ್ಷಿಣೆಯನ್ನು ನಡುವೆಯೇ ಬಿಟ್ಟುಬಂದ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ವಾಸಿಯಿತ್ತು.

ಕೆಳಗೆ ಅಜ್ಜಿ ಹೊರಟುಹೋಗಿದ್ದಳು. ಇವರು ನನ್ನ ಮಾವ ಎಂದು ಹೇಳಿಕೊಳ್ಳಲು ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಮಾವ ಮಡಚುವ ಕುರ್ಚಿ ಹಾಕಿಸಿಕೊಂಡು, ಮುಖದ ಮೇಲೆ ಟವೆಲು ಎಳೆದುಕೊಂಡು ಒರಗಿದರು. ನಾನು ಸುಮ್ಮನೆ ಎದ್ದು ಕುರ್ಚಿಯ ಸುತ್ತ ಒಂದು ಸುತ್ತು ಬಂದೆ. ಅವರನ್ನು ಬಲಕ್ಕಿಟ್ಟುಕೊಂಡು.

ಏನು ಮಾಡ್ತಿದೀಯ ಎಂದ ಕಾರ್ತಿಕ್. ಕಾಲು ಜೋಮು ಹಿಡಿದಿದೆ ಎಂದೆ.

"ಒಂದಕ್ಕೇ ನಿಲ್ಲಿಸಬೇಡ," ಎಂದಿತು ಟವೆಲು. "ಮೂರು ಹಾಕು."